ಆರಿದ್ದು ಬೇರೆ, ಒಣಗಿದ್ದು ಬೇರೆ

ಕುಂಬಾರರ ಮನೆಗೆ ಸೊಸೆಯಾಗಿ ಬಂದ ದರ್ಜಿಯ ಮಗಳಿಗೆ ಮಣ್ಣು ತುಳಿಯುವುದು ಅಷ್ಟೇನೂ ಕಷ್ಟವಾಗಲಿಲ್ಲ. ಕಷ್ಟವಾದದ್ದು ಮಣ್ಣಿನ ಸುದ್ದಿ ಹೇಳುವುದು. ಅತ್ತೆ ಹಿತ್ತಲಲ್ಲಿ ಜಾರಿ ಬಿದ್ದು, ಕಾಲು ಮುರಿದುಕೊಂಡು ಮಂಚ ಹಿಡಿದಿದ್ದಳು. ಮಡಕೆ ತಿರುವುವ ತಿಗರಿಯ ಮೇಲಿನ ಕೈ ಮಗನದು. ಯಾವಾಗ ಏನು ಮಾಡಬೇಕೆಂದು ಹೇಳುವ ಬಾಯಿ ಮಾತ್ರ ಈಗಲೂ ಅತ್ತೆಯದೇ. ಅವಳ ಕಣ್ಣಾಗಿ ಓಡಾಡುವ ಕೆಲಸ ಸೊಸೆಯ ಪಾಲಿಗೆ ಬಂತು.

"ಮಣ್ಣು ಏನಾಗಿದೆ, ನೋಡ್ಕೊಂಡು ಬಾ."

ಸೊಸೆ ಹೋದಳು, ನೋಡಿದಳು, ಬಂದಳು. "ಬದಲಾಗಿದೆ, ಅತ್ತೆ."

"ಬದಲಾಗೋದು ಗಾಳಿ. ಬದಲಾಗೋದು ನಿನ್ನ ಗಂಡನ ಬುದ್ಧಿ. ಮಣ್ಣಿಗೆ ಏನಾಯ್ತು ಹೇಳು. ನೆನೀತಾ, ಹದವಾಯ್ತಾ, ಮಾಗ್ತಾ?"

"ಎಲ್ಲಾ ಒಂದೇ ಅಲ್ವಾ?"

"ನಿಮ್ಮಪ್ಪನ ಅಂಗಡೀಲಿ ಬಟ್ಟೆ ಕತ್ತರಿಸೋದೂ ಹರಿಯೋದೂ ಒಂದೇನಾ?"

ಸೊಸೆಗೆ ನಗು ಬಂತು. ಅರ್ಥವೂ ಆಯಿತು. ನೀರು ಕುಡಿದು ಮೆತ್ತಗಾದರೆ ನೆನೆದದ್ದು. ನಾದಿದ ಮೇಲೆ ಕೈ ಹೇಳಿದಂತೆ ಕೇಳಿದರೆ ಹದವಾದದ್ದು. ಒದ್ದೆ ಗೋಣಿ ಹೊದ್ದು ತಿಂಗಳುಗಟ್ಟಲೆ ಮೂಲೆಯಲ್ಲಿ ಸುಮ್ಮನೆ ಬಿದ್ದು, ಜಿಗುಟು ಬಂದು, ಹತ್ತಿರ ಹೋದವರು ಮೂಗು ಮುಚ್ಚಿಕೊಳ್ಳುವಂತಾದರೆ, ಅದು ಮಾಗಿದ್ದು.

"ಹಾಗಾದ್ರೆ ಮಾವ ಚೆನ್ನಾಗಿ ಮಾಗಿದಾರೆ," ಎಂದಳು ಸೊಸೆ. ಜಗಲಿಯ ಕಡೆಯಿಂದ ಮಾವನ ಕೆಮ್ಮು ಕೇಳಿಸಿತು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ನೀರಿನ ದೊಡ್ಡ ಗುಡಾಣಗಳನ್ನು ಸುಡುವ ದಿನ ಬಂತು. ಮಳೆಗಾಲದುದ್ದಕ್ಕೂ ಮಾಡಿದ ಕೆಲಸವೆಲ್ಲ ಅಲ್ಲಿ ಸಾಲಾಗಿ ನಿಂತಿತ್ತು. ಹಸಿ ಉಳಿದ ಒಂದೇ ಒಂದು ಗುಡಾಣ ಸುಡುವ ಆವಿಗೆಯೊಳಗೆ ಹೋದರೂ ಸಾಕು, ಬೆಂಕಿಗೆ ಸಿಡಿದು ಅಕ್ಕಪಕ್ಕದವನ್ನೂ ಜೊತೆಗೆ ಒಯ್ಯುತ್ತದೆ. ಅದಕ್ಕೇ ಆ ಮನೆಯಲ್ಲಿ ಕಣ್ಣನ್ನು ಯಾರೂ ನಂಬುತ್ತಿರಲಿಲ್ಲ. ಗುಡಾಣದ ಹೊಟ್ಟೆಗೆ ಕೆನ್ನೆ ಒತ್ತಿ ನೋಡುವುದು ರೂಢಿ. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ ಎಂದೇ ಅರ್ಥ.

ಗಂಡನಿಗೆ ಅವಸರ. ಕೈಗೆ ಸಿಕ್ಕ ಒಂದು ಗುಡಾಣವನ್ನು ತಂದು ತಾಯಿಯ ಮುಂದೆ ಹಿಡಿದ. ಅವಳು ಕೆನ್ನೆ ಒತ್ತಿದಳು. "ಒಣಗಿದೆ. ತುಂಬಿಸಿ ಬೆಂಕಿ ಹಾಕು."

ಆವಿಗೆ ಅರ್ಧ ತುಂಬಿತ್ತು. ಗೋಡೆಯ ಮರೆಯಲ್ಲಿದ್ದ ಗುಡಾಣವೊಂದನ್ನು ತಬ್ಬಿ ಎತ್ತುವಾಗ ಸೊಸೆಯ ಕೆನ್ನೆ ಅದಕ್ಕೆ ತಾಗಿತು. ಬೆಳಗಿನ ಬಾವಿಯ ಕಲ್ಲಿನಂತೆ ತಣ್ಣಗಿತ್ತು. ಬಣ್ಣವೇನೋ ಉಳಿದವುಗಳ ಹಾಗೇ ಬಿಳಿಚಿಕೊಂಡಿತ್ತು.

"ರೀ, ಇದು ಆರಿದೆ ಅಷ್ಟೆ. ಒಣಗಿಲ್ಲ."

"ಅಮ್ಮ ನೋಡಿ ಆಯ್ತಲ್ಲ. ನಿನ್ನೆ ಮೊನ್ನೆ ಬಂದವಳು ನೀನು, ನನಗೇ ಪಾಠನಾ?"

"ಒಗೆದ ಅಂಗಿ ಮೇಲ್ಮೇಲೆ ಆರಿರತ್ತೆ, ಹೊಲಿಗೆ ಸಂದೀಲಿ ಹಸಿ ಇರತ್ತೆ. ಮಡಿಚಿಟ್ರೆ ಮುಗ್ಗು ವಾಸನೆ ಬರತ್ತೆ, ಅಷ್ಟೆ. ಇದು ಸಿಡಿಯತ್ತೆ."

"ಹಾಗಾದ್ರೆ ಅಮ್ಮಂಗೇ ಹೋಗಿ ಹೇಳು, ನಿಮ್ಮ ಮಾತು ತಪ್ಪು ಅಂತ."

ಅದೇ ಅವಳಿಗೂ ಭಯ. ಅತ್ತೆಯ ಮಾತನ್ನು ಆ ಮನೆಯಲ್ಲಿ ಮಾವ ಕೂಡ ತಳ್ಳಿಹಾಕಿದ್ದಿಲ್ಲ. ಆದರೂ ಗುಡಾಣವನ್ನು ಎದೆಗೆ ಒತ್ತಿಕೊಂಡು ಒಳಗೆ ನಡೆದಳು. ಗಂಡ ತಮಾಷೆ ನೋಡಲು ಹಿಂದೆಯೇ ಬಂದ.

ಅತ್ತೆ ಒಂದು ಕೆನ್ನೆ ಒತ್ತಿದಳು. ಗುಡಾಣ ತಿರುಗಿಸಿ ಇನ್ನೊಂದು ಕೆನ್ನೆ ಒತ್ತಿದಳು. ಆಮೇಲೆ ಮಗನ ಕಡೆ ನೋಡಿದಳು.

"ನಂಗೆ ತಂದು ತೋರಿಸಿದ್ದು ಎಲ್ಲಿದ್ದದ್ದು?"

"ಕಿಟಕಿ ಹತ್ರದ್ದು," ಎಂದ ಅವನು, ಕತ್ತು ಕೆರೆದುಕೊಳ್ಳುತ್ತ.

"ಒಂದು ಅಗುಳು ಹಿಚುಕಿದ್ರೆ ಸಾಕು ಅನ್ನೋದು ಅನ್ನಕ್ಕೆ ಕಣೋ, ಗುಡಾಣಕ್ಕಲ್ಲ. ನಾನೂ ಕೇಳದೆ ಹೇಳಿಬಿಟ್ಟೆ. ಇಳಿಸು ಎಲ್ಲಾನೂ."

ಅವನು ಗೊಣಗುತ್ತ ಇಳಿಸಿದ. ಸೊಸೆ ತಣ್ಣಗಿದ್ದವನ್ನು ಬೇರೆ ಮಾಡಿ ಬಿಸಿಲಿಗೆ ಸರಿಸಿ, ನೆರಳು ಬಂದಂತೆ ಜಾಗ ಬದಲಿಸಿ, ಹೊಟ್ಟೆ ತಿರುಗಿಸಿ ಇಡುತ್ತ ಬಂದಳು. ಕೆಲವು ದಿನ ಕಳೆದು, ಬಿಸಿಲು ಚುರುಕಾಗಿದ್ದ ಒಂದು ಮಧ್ಯಾಹ್ನ ಪ್ರತಿಯೊಂದಕ್ಕೂ ಕೆನ್ನೆ ಕೊಟ್ಟು ನೋಡಿದಳು. ಮುಗಿಯುವ ಹೊತ್ತಿಗೆ ಊಟ ತಣ್ಣಗಾಗಿತ್ತು. ಒಣಮಣ್ಣಿನ ಪುಡಿ ಮೆತ್ತಿ ಅವಳ ಮುಖ ಸುಣ್ಣ ಬಳಿದ ಗೋಡೆಯಂತಾಗಿತ್ತು.

"ತುಂಬಿಸಿ, ರೀ," ಎಂದಳು. ತುಂಬಿಸಿದ ಮೇಲೆ, "ಹಚ್ಚಿ," ಎಂದಳು.

ಗಂಡ ತಾಯಿಯ ಅಪ್ಪಣೆಗೆಂದು ಒಳಕೋಣೆಯ ಕಡೆ ಕಿವಿಗೊಟ್ಟು ನಿಂತ. ಅತ್ತೆಯ ಮಂಚ ಕಿರುಗುಟ್ಟಿತು. ಬೇಡವೆಂಬ ಮಾತು ಬರಲಿಲ್ಲ. ಅವನು ಬೆಂಕಿಕಡ್ಡಿ ಗೀರಿದ.