ಯಾರೂ ಧರಿಸದ ಬ್ಯಾಡ್ಜು

ಸಂಸ್ಥೆಯಲ್ಲಿ ಎಲ್ಲರೂ ಅವರನ್ನು ಸೊನ್ನೆ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಹಾಗಂತ ಅವರೇನೂ ಶಾಲೆಯ ಮೇಷ್ಟ್ರಲ್ಲ. ಪರಮಾಣು ಸಂಶೋಧನಾ ಸಂಸ್ಥೆಯ ಸುರಕ್ಷತಾ ವಿಭಾಗದಲ್ಲಿ ಬ್ಯಾಡ್ಜು ಓದುವವರು. ಕೆಲಸಗಾರರು ಎದೆಗೆ ಸಿಕ್ಕಿಸಿಕೊಂಡು ಓಡಾಡುವ ಬ್ಯಾಡ್ಜುಗಳನ್ನು ಮೂರು ತಿಂಗಳಿಗೊಮ್ಮೆ ತರಿಸಿಕೊಂಡು, ಯಂತ್ರಕ್ಕೆ ಹಾಕಿ, ಯಾರ ಮೈಗೆ ಎಷ್ಟು ವಿಕಿರಣ ತಾಗಿದೆ ಎಂದು ಹೇಳುವುದು ಅವರ ಕೆಲಸ. ಹೊಸದಾಗಿ ಸೇರಿದವರಿಗೆ ವರ್ಷಕ್ಕೆರಡು ಸಲ ಉಪದೇಶ ಮಾಡುತ್ತಿದ್ದುದರಿಂದ ಮೇಷ್ಟ್ರಾದರು. ಅವರು ಗೋಡೆಗೆ ಅಂಟಿಸುವ ಪಟ್ಟಿಯಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ ಸೊನ್ನೆಯೇ ಬರುತ್ತಿದ್ದುದರಿಂದ ಸೊನ್ನೆ ಮೇಷ್ಟ್ರಾದರು. "ನಮ್ಮ ಪರೀಕ್ಷೆ ಪೇಪರ್ ಇವರ ಕೈಗೆ ಸಿಕ್ಕಿರಲಿಲ್ವಲ್ಲ, ಅದೇ ಪುಣ್ಯ" ಎಂದು ಕ್ಯಾಂಟೀನಿನಲ್ಲಿ ನಗೆಯಾಡುತ್ತಿದ್ದರು. ಮೇಷ್ಟ್ರೂ ನಗುತ್ತಿದ್ದರು. ಒಳಗೊಳಗೆ ಅವರಿಗೆ ಆ ಹೆಸರು ಹಿತವಾಗಿಯೇ ಇತ್ತು. ಸೊನ್ನೆ ಎಂದರೆ ಯಾರಿಗೂ ಏನೂ ಆಗಿಲ್ಲ ಎಂದಲ್ಲವೇ?

ಬ್ಯಾಡ್ಜಿನೊಳಗೆ ಉಪ್ಪಿನ ಹರಳಿನಂಥ ಒಂದು ಚೂರು ಇರುತ್ತದೆ. ತನಗೆ ತಾಗಿದ ವಿಕಿರಣವನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಯಂತ್ರದಲ್ಲಿ ಕಾಯಿಸಿದರೆ ಮಿನುಕು ಬೆಳಕಾಗಿ ಬಿಟ್ಟುಕೊಡುತ್ತದೆ. ಒಮ್ಮೆ ಬಿಟ್ಟುಕೊಟ್ಟರೆ ಮುಗಿಯಿತು, ಹರಳು ಬರಿದು, ಮತ್ತೆ ಕೇಳಿದರೆ ಅದಕ್ಕೆ ಏನೂ ನೆನಪಿರುವುದಿಲ್ಲ. ಇನ್ನೊಂದು ವಿಷಯವೂ ಇದೆ. ಕಲ್ಲು, ಮಣ್ಣು, ಗಾಳಿ ಎಲ್ಲದರಲ್ಲೂ ಒಂದಿಷ್ಟು ವಿಕಿರಣ ಹುಟ್ಟಿನಿಂದಲೇ ಇರುತ್ತದೆ. ಆ ಪಾಲನ್ನು ಕೆಲಸಗಾರನ ಲೆಕ್ಕಕ್ಕೆ ಹಾಕುವಂತಿಲ್ಲ. ಅದಕ್ಕೆಂದೇ ಯಾರೂ ಧರಿಸದ ಒಂದು ಬ್ಯಾಡ್ಜನ್ನು ಶುದ್ಧವಾದ ಜಾಗದಲ್ಲಿ ತೂಗುಹಾಕಿ, ಅದಕ್ಕೆ ಬಂದಷ್ಟನ್ನು ಉಳಿದೆಲ್ಲರದರಿಂದ ಕಳೆಯುತ್ತಾರೆ. ಮೇಷ್ಟ್ರು ಆ ಬ್ಯಾಡ್ಜನ್ನು ತಮ್ಮ ಕೋಣೆಯ ಮುಂದಿನ ಉದ್ದ ಕಾರಿಡಾರಿನ ಕೊನೆಯಲ್ಲಿ, ತಾವೇ ಹೊಡೆದ ಮೊಳೆಗೆ ಹಾಕಿದ್ದರು. ತಂಪು ಗೋಡೆ, ಬಿಸಿಲಿಲ್ಲ, ಜನರ ಸುಳಿವಿಲ್ಲ. ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಗಬೇಕು!

ಪಟ್ಟಿ ಗೋಡೆಗೆ ಹತ್ತುವ ಮೊದಲೇ ಒಂದು ಸೊನ್ನೆ ಮಾತ್ರ ಫೋನಿನಲ್ಲಿ ಹೋಗಿಬಿಡುತ್ತಿತ್ತು. ಅದು ಅವರ ತಂಗಿಯದು. ಹನ್ನೆರಡು ವರ್ಷದ ಹಿಂದೆ ಅವಳನ್ನು ಅದೇ ಸಂಸ್ಥೆಗೆ ಸೇರಿಸಿದವರು ಮೇಷ್ಟ್ರೇ. ಆಸ್ಪತ್ರೆಗಳಿಗೆ ಹೋಗುವ ವಿಕಿರಣದ ಔಷಧಿಗಳನ್ನು ಸೀಸದ ಡಬ್ಬಿಗಳಲ್ಲಿ ತುಂಬುವ ಪ್ಯಾಕಿಂಗ್ ವಿಭಾಗ. ಎಂಟು ಜನ ಹೆಂಗಸರು, ಗಾಜಿನ ಹಿಂದೆ ನಿಂತು, ಉದ್ದ ಇಕ್ಕಳ ಹಿಡಿದು ಮಾಡುವ ಕೆಲಸ. ಒಮ್ಮೆ ಗ್ರಂಥಾಲಯದಲ್ಲಿ ಜಾಗ ಖಾಲಿಯಾದಾಗ ಅವಳು ಕೇಳಿದ್ದಳು:

"ಅಲ್ಲಿಗೆ ಹೋಗ್ಲಾ ಅಣ್ಣ? ಯಾಕೋ ಈ ಕೆಲಸ ಒಂಥರಾ ಅನ್ಸುತ್ತೆ."

"ನಿನ್ನ ಬ್ಯಾಡ್ಜು ಓದೋನು ನಾನು. ಒಂದು ಕಾಳಿನಷ್ಟು ಜಾಸ್ತಿ ಬಂದ್ರೂ ನಾನೇ ಬಂದು ಎತ್ತಾಕ್ಕೊಂಡು ಹೋಗ್ತೀನಿ. ಸೊನ್ನೆ ಬರ್ತಿರುವಾಗ ಯಾಕೆ ಬಿಡ್ತೀಯ, ಹುಚ್ಚಿ?" ಎಂದಿದ್ದರು ಮೇಷ್ಟ್ರು. ಅವಳು ಉಳಿದಳು. ಅಣ್ಣನ ಮಾತೆಂದರೆ ಅವಳಿಗೆ ಅಷ್ಟು ಭರವಸೆ.

ನಾಲ್ಕು ತಿಂಗಳ ಹಿಂದೆ ಅವಳಿಗೆ ಮೆಟ್ಟಿಲು ಹತ್ತಲು ಆಗದಷ್ಟು ಸುಸ್ತು ಶುರುವಾಯಿತು. ವಸಡಿನಲ್ಲಿ ರಕ್ತ, ತೋಳಿನ ಮೇಲೆ ನೀಲಿ ಕಲೆ. ಡಾಕ್ಟರು ರಕ್ತದ ಕಾಯಿಲೆ ಎಂದರು. ಅಸ್ಥಿಮಜ್ಜೆ ಬದಲಿಸುವ ಚಿಕಿತ್ಸೆಯೊಂದೇ ದಾರಿ, ಅದು ಇರುವುದು ದೂರದ ದೊಡ್ಡ ಆಸ್ಪತ್ರೆಯಲ್ಲಿ. ಕಾಯಿಲೆ ಕೆಲಸದಿಂದ ಬಂದದ್ದೆಂದು ವೈದ್ಯಕೀಯ ಮಂಡಳಿ ಒಪ್ಪಿದರೆ ಸಂಸ್ಥೆಯೇ ಕಳಿಸುತ್ತದೆ. ಒಪ್ಪದಿದ್ದರೆ ಅವಳ ಪಾಡು ಅವಳದು, ಆ ಆಸ್ಪತ್ರೆಯ ಖರ್ಚು ಅವಳ ಕೈಗೆ ಎಟುಕುವಂಥದ್ದಲ್ಲ. ಮಂಡಳಿ ಕೇಳುವುದು ಒಂದೇ ಪ್ರಶ್ನೆ: ಬ್ಯಾಡ್ಜಿನ ದಾಖಲೆ ಏನು ಹೇಳುತ್ತದೆ? ನಲವತ್ತಕ್ಕೂ ಹೆಚ್ಚು ಸಾಲು ಸೊನ್ನೆ. ಪ್ರತಿ ಸೊನ್ನೆಯ ಪಕ್ಕದಲ್ಲೂ ಅಣ್ಣನ ರುಜು.

ಮಂಡಳಿ ಗುರುವಾರ ಸೇರುವುದಿತ್ತು. ಸೋಮವಾರ ಬೆಳಿಗ್ಗೆ ವಿಭಾಗಕ್ಕೆ ಹೊಸದೊಂದು ಅಳತೆ ಯಂತ್ರ ಬಂತು, ಕೈಯಲ್ಲಿ ಹಿಡಿದು ತಿರುಗುವಂಥದ್ದು. ವಿಕಿರಣ ಇದ್ದಲ್ಲಿ ಟಿಕ್ ಟಿಕ್ ಎನ್ನುತ್ತದೆ. ಸೊನ್ನೆ ಸರಿ ತೋರಿಸುತ್ತದೆಯೇ ಎಂದು ನೋಡಲು ಮೇಷ್ಟ್ರು ಅದನ್ನು ಹಿಡಿದುಕೊಂಡು, ತಮಗೆ ಗೊತ್ತಿದ್ದ ಅತ್ಯಂತ ಶುದ್ಧವಾದ ಜಾಗಕ್ಕೇ ಹೋದರು. ಮೊಳೆಯ ಹತ್ತಿರ ಹೋಗುತ್ತಿದ್ದಂತೆ ಯಂತ್ರ ಬಡಬಡಿಸತೊಡಗಿತು. ಕೆಟ್ಟಿರಬೇಕು ಎಂದುಕೊಂಡು ಹಳೆಯ ಯಂತ್ರ ತಂದರು. ಅದೂ ಬಡಬಡಿಸಿತು.

ಗೋಡೆಯ ಆಚೆ ಏನಿದೆ? ಪೊರಕೆ, ಬಕೀಟು ಇಡುವ ಕೋಣೆ ಎಂದೇ ಅವರು ನಂಬಿದ್ದರು. ಅದರ ಬಾಗಿಲು ಇದ್ದದ್ದು ಕಟ್ಟಡದ ಇನ್ನೊಂದು ಮಗ್ಗುಲಲ್ಲಿ, ಅಂಗಳ ಸುತ್ತಿಕೊಂಡು ಹೋಗಬೇಕು. ಇಷ್ಟು ವರ್ಷದಲ್ಲಿ ಒಂದು ದಿನವೂ ಅವರು ಸುತ್ತಿಕೊಂಡು ಹೋಗಿರಲಿಲ್ಲ. ಇವತ್ತು ಹೋದರು. ಬಾಗಿಲಲ್ಲಿ ಹಳದಿ ಫಲಕ, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಉಗ್ರಾಣದವನು.

"ಆಸ್ಪತ್ರೆಗಳಿಂದ ವಾಪಸ್ ಬಂದ ಹಳೇ ಸರಕು ಸಾರ್. ಕ್ಯಾನ್ಸರಿಗೆ ಕೊಡೋ ವಿಕಿರಣದ ಮೂಲಗಳು. ಹನ್ನೊಂದು ವರ್ಷದಿಂದ ಇಲ್ಲೇ ಇಡ್ತಿರೋದು. ಬರ್ತವೆ, ಹೋಗ್ತವೆ. ಭಯ ಏನಿಲ್ಲ, ಬಾಗಿಲ ಕಡೆಗೆಲ್ಲಾ ಸೀಸದ ಇಟ್ಟಿಗೆ ಕಟ್ಟಿದೀವಿ."

"ಹಿಂದಿನ ಗೋಡೆಗೆ?"

"ಆ ಕಡೆ ಯಾರೂ ಇರಲ್ವಲ್ಲ ಸಾರ್."

ಯಾರೂ ಇಲ್ಲವೆಂದು ಉಗ್ರಾಣದವರು ಅಲ್ಲಿ ಮೂಲಗಳನ್ನು ಇಟ್ಟರು. ಯಾರೂ ಇಲ್ಲವೆಂದೇ ಮೇಷ್ಟ್ರು ಅಲ್ಲಿ ಮೊಳೆ ಹೊಡೆದಿದ್ದರು. ಇಬ್ಬರೂ ನಿಯಮ ಓದಿದವರೇ, ಇಬ್ಬರೂ ಜಾಣರೇ. ಇಂಥ ಜಾಣತನಕ್ಕೆ ಬೆಂಕಿ ಹಾಕಬೇಕು.

ಹಿಂದಿರುಗಿ ಬಂದು ಗೋಡೆಯ ಬ್ಯಾಡ್ಜನ್ನು ಓದಿದರು. ಮೂರು ತಿಂಗಳಿಗೆ ವಿಕಿರಣದ ಅಳತೆಯಲ್ಲಿ ಅರ್ಧ ಮಿಲಿಸೀವರ್ಟೂ ಬರಬಾರದ ಕಡೆ ಮೂರರ ಹತ್ತಿರ ಬಂದಿತ್ತು. ಅಂದರೆ ಮೂರು ತಿಂಗಳಿಗೊಮ್ಮೆ ಸಂಸ್ಥೆಯ ಇನ್ನೂರ ನಲವತ್ತು ಜನರ ಲೆಕ್ಕದಿಂದ ಇಷ್ಟನ್ನು ಕಳೆದು ಬಿಸಾಡಲಾಗಿದೆ. ಬರುವ ಉತ್ತರ ಸೊನ್ನೆಗಿಂತ ಕೆಳಗಿಳಿದಾಗ ಯಾರಿಗಾದರೂ ಅನುಮಾನ ಬರಬೇಕಿತ್ತು. ಬರಲಿಲ್ಲ, ಏಕೆಂದರೆ ಕಂಪ್ಯೂಟರು ಹಾಕಿಸಿದ ವರ್ಷ "ಮೈನಸ್ ಕಂಡ್ರೆ ಜನ ಗಾಬರಿ ಬೀಳ್ತಾರೆ, ಸೊನ್ನೆ ಅಂತಲೇ ತೋರಿಸೋ ಹಾಗೆ ಮಾಡಿ" ಎಂದು ಹೇಳಿ ಬರೆಸಿದವರು ಮೇಷ್ಟ್ರೇ. ಕಳೆಯುವ ಮೊದಲಿನ ಅಂಕಿಗಳಾಗಲಿ, ಗೋಡೆಯ ಬ್ಯಾಡ್ಜಿನ ಅಂಕಿಯಾಗಲಿ ಪರದೆಗೆ ಬರುತ್ತಿರಲಿಲ್ಲ, ಕಂಪ್ಯೂಟರಿನಲ್ಲಿ ಉಳಿಯುತ್ತಲೂ ಇರಲಿಲ್ಲ. ಕಾಗದದ ಸುರುಳಿಯಲ್ಲಿ ಮಾತ್ರ ಅಚ್ಚಾಗುತ್ತಿದ್ದವು. ಆ ಸುರುಳಿಗೆ ರಬ್ಬರು ಹಾಕಿ ಅವರು ಪೆಟ್ಟಿಗೆಯಲ್ಲಿ ಇಡುತ್ತಿದ್ದರು, ಓದುತ್ತಿರಲಿಲ್ಲ.

ಪೆಟ್ಟಿಗೆ! ಮೇಷ್ಟ್ರಿಗೆ ಜೀವ ಬಂದಂತಾಯಿತು. ಹರಳು ಮರೆತರೇನು, ಕಾಗದ ಮರೆಯುವುದಿಲ್ಲವಲ್ಲ! ಪ್ರತಿಯೊಬ್ಬರ ನಿಜವಾದ ಅಂಕಿ, ಗೋಡೆಯ ಅಂಕಿ ಎರಡೂ ಅದರಲ್ಲಿವೆ. ಒಂದು ದಿನ ಕೂತರೆ ತಂಗಿಯ ಹನ್ನೊಂದು ವರ್ಷವನ್ನು ಸರಿಯಾಗಿ ಬರೆದು ಗುರುವಾರ ಮಂಡಳಿಯ ಮುಂದೆ ಇಡಬಹುದು. ಮೆಟ್ಟಿಲ ಕೆಳಗಿನ ಗೂಡಿನಿಂದ ಪೆಟ್ಟಿಗೆ ಎಳೆದು, ಮೇಲಿನ ಸುರುಳಿ ಬಿಚ್ಚಿದರು. ಕಳೆದ ವರ್ಷದ್ದು, ಅಂಕಿಗಳು ಮಸುಕಾಗಿ ಕಂಡವು. ಅದರ ಕೆಳಗಿನದು ಇನ್ನೂ ಮಸುಕು. ಅದರ ಕೆಳಗಿನದರಲ್ಲಿ ಏನೂ ಇರಲಿಲ್ಲ. ಅಂಗಡಿಯ ಬಿಲ್ಲಿನಂಥ ಕಾಗದ ಅದು, ಬಿಸಿಗೆ ಅಚ್ಚಾಗಿ ಕಾಲಕ್ಕೆ ಅಳಿಸಿಹೋಗುವಂಥದ್ದು. ನೆಲದ ಮೇಲೆ ಕೂತು ಒಂದೊಂದಾಗಿ ಬಿಚ್ಚುತ್ತ ಹೋದರು. ಕಿಟಕಿಗೆ ಹಿಡಿದು ನೋಡಿದರು, ಓರೆಮಾಡಿ ನೋಡಿದರು, ಪೆನ್ಸಿಲಿನ ಪುಡಿ ಉಜ್ಜಿ ನೋಡಿದರು. ಮೊಣಕಾಲಿನ ಸುತ್ತ ಬಿಳಿ ಕಾಗದ ಗುಡ್ಡೆಯಾಯಿತು. ಓದಲು ಬರುವಷ್ಟು ಉಳಿದಿದ್ದ ಕಳೆದ ಒಂದು ವರ್ಷದ ಅಂಕಿಯಿಂದ ಉಪಯೋಗವಿರಲಿಲ್ಲ. ಆ ಹೊತ್ತಿಗಾಗಲೇ ಪ್ಯಾಕಿಂಗಿಗೆ ಯಂತ್ರದ ಕೈಗಳು ಬಂದಿದ್ದವು, ಹೆಂಗಸರು ಡಬ್ಬಿಗಳ ಹತ್ತಿರ ಹೋಗುವುದೇ ನಿಂತಿತ್ತು.

ಮಂಗಳವಾರ ಅವರು ಎಲ್ಲವನ್ನೂ ಬರೆದು ವಿಭಾಗದ ಮುಖ್ಯಸ್ಥರ ಕೈಗೆ ಕೊಟ್ಟರು. ಮುಖ್ಯಸ್ಥರು ಕೆಟ್ಟವರಲ್ಲ. ಓದಿ ಮುಗಿಸುವ ಮೊದಲೇ ಫೋನು ಎತ್ತಿ, ಮೂಲಗಳನ್ನು ಈಗಿಂದೀಗಲೇ ಬೇರೆ ಕಡೆ ಸಾಗಿಸಲು ಹೇಳಿದರು. ನಿಯಮ ಇರುವುದೇ ಹಾಗೆ: ಮೊದಲು ಅಪಾಯ ತೆಗೆ, ಆಮೇಲೆ ಮಾತು. ಅವರ ಜಾಗದಲ್ಲಿದ್ದರೆ ಮೇಷ್ಟ್ರೂ ಅದನ್ನೇ ಮಾಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಕಾರಿಡಾರಿನ ಗೋಡೆ ಎಲ್ಲ ಗೋಡೆಗಳಂತೆ ಸಾಧುವಾಗಿ ನಿಂತಿತ್ತು, ಮಂಡಳಿಗೆ ತೋರಿಸಲು ಅಲ್ಲಿ ಏನೂ ಉಳಿದಿರಲಿಲ್ಲ.

"ನೀವು ನನಗೆ ಒಂದು ಅಂಕಿ ಕೊಡಿ, ಈಗಲೇ ರುಜು ಹಾಕ್ತೀನಿ" ಎಂದರು ಮುಖ್ಯಸ್ಥರು. "ನಿಮ್ಮ ತಂಗಿಗೆ ಎಷ್ಟು ಬಿದ್ದಿದೆ?"

"ಗೊತ್ತಿಲ್ಲ ಸಾರ್. ಸೊನ್ನೆ ಅಲ್ಲ ಅನ್ನೋದಷ್ಟೇ ಗೊತ್ತು."

"ಮೂಲಗಳು ಯಾವ ವರ್ಷ ಎಷ್ಟಿದ್ವು ಅಂತ ಉಗ್ರಾಣದಲ್ಲೂ ಸರಿಯಾಗಿ ಬರೆದಿಟ್ಟಿಲ್ಲ. ಅಂದಾಜು ಹಾಕೋಣ ಅಂದ್ರೆ ಯಾವುದರ ಮೇಲೆ ಹಾಕೋಣ? ಗೊತ್ತಿಲ್ಲ ಅಂತ ಬರೆಯೋಕೆ ಫಾರಮ್ಮಿನಲ್ಲಿ ಜಾಗ ಇಲ್ಲ, ಮೇಷ್ಟ್ರೇ."

ಗುರುವಾರ ಮೇಷ್ಟ್ರು ಮಂಡಳಿಯ ಮುಂದೆ ನಿಂತು, ತಾವು ಹನ್ನೊಂದು ವರ್ಷ ಹಾಕಿದ ರುಜುಗಳೆಲ್ಲ ತಪ್ಪು ಎಂದರು. ಮೇಜಿನ ಆಚೆ ಮೂವರು ಡಾಕ್ಟರುಗಳು. ನಡುವೆ ಕೂತ ಹಿರಿಯರು ಕನ್ನಡಕ ತೆಗೆದು ತುಂಬ ಮರ್ಯಾದೆಯಿಂದ ಕೇಳಿದರು: "ಅವರು ನಿಮ್ಮ ಸ್ವಂತ ತಂಗಿ, ಅಲ್ವಾ?"

"ಹೌದು."

"ಕಾಯಿಲೆ ಬರೋಕೆ ಮುಂಚೆ ಇದನ್ನ ಯಾರ ಹತ್ರನಾದ್ರೂ ಹೇಳಿದ್ರಾ?"

"ಮುಂಚೆ ನಂಗೇ ಗೊತ್ತಿರಲಿಲ್ಲ."

ಹಿರಿಯರು ತಲೆ ಆಡಿಸಿದರು. ಈ ಕಾಯಿಲೆ ಪ್ರಯೋಗಾಲಯದ ಮುಖವನ್ನೇ ನೋಡದವರಿಗೂ ಬರುತ್ತದೆ ಎಂದರು. ಅದು ನಿಜವೂ ಹೌದು. ಸರಿಯಾದ ಅಂಕಿ ಸಿಕ್ಕಿದ್ದರೂ ಇದರಿಂದಲೇ ಬಂತೆಂದು ಎದೆ ತಟ್ಟಿ ಹೇಳುವುದು ಕಷ್ಟವಿತ್ತು, ಆದರೆ ಸಂಶಯದ ಲಾಭ ಅವಳಿಗೆ ಸಿಗುತ್ತಿತ್ತು. ಸೊನ್ನೆಗೆ ಸಂಶಯವೇ ಇಲ್ಲವಲ್ಲ! "ಅಣ್ಣನ ಸಂಕಟ ನಮಗೆ ಅರ್ಥವಾಗುತ್ತೆ" ಎಂದು ಹಿರಿಯರು ಕಡತ ಮುಚ್ಚಿದರು. ಮೇಷ್ಟ್ರಿಗೆ ಆ ಮೇಜನ್ನು ಎತ್ತಿ ಬಿಸಾಡಬೇಕೆನಿಸಿತು. ಕೈ ಮುಗಿದು ಹೊರಗೆ ಬಂದರು.

ಅಂದೇ ಸಂಜೆ ತಂಗಿ ಮಲಗಿದ್ದ ವಾರ್ಡಿಗೆ ಹೋದರು. ಕೊನೆಯ ಮಂಚ, ಪಕ್ಕದಲ್ಲಿ ರಕ್ತದ ಚೀಲ ತೂಗುತ್ತಿತ್ತು. ಅವಳ ಒಂಬತ್ತು ವರ್ಷದ ಮಗಳು ಮಂಚದ ಕಾಲಬಳಿ ಕೂತು ಶಾಲೆಯ ನಕ್ಷೆಗೆ ಬಣ್ಣ ತುಂಬುತ್ತಿದ್ದಳು. ಮೇಷ್ಟ್ರು ಅವಳನ್ನು ಮುದ್ದುಮಾಡಿ, ಹೊರಗೆ ಬೆಂಚಿನ ಮೇಲೆ ಕೂತು ಬಣ್ಣ ಹಚ್ಚು ಪುಟ್ಟೀ ಎಂದು ಕಳಿಸಿದರು.

ತಂಗಿ ಅವರ ಮುಖ ನೋಡಿದವಳೇ, "ಆಗಲಿಲ್ವಾ?" ಎಂದಳು.

"ಆಗಲಿಲ್ಲ ಕಣಮ್ಮ."

"ಹೋಗ್ಲಿ ಬಿಡು. ಸೊನ್ನೆ ಅಂದ್ಮೇಲೆ ಅವರು ತಾನೆ ಏನ್ ಮಾಡ್ತಾರೆ? ನೀನು ಬೇಜಾರ್ ಮಾಡ್ಕೋಬೇಡ."

ಅವಳು ತಮ್ಮನ್ನೇ ಸಮಾಧಾನ ಮಾಡಲು ಹೊರಟದ್ದನ್ನು ಮೇಷ್ಟ್ರಿಗೆ ಸಹಿಸಲಾಗಲಿಲ್ಲ. ಹೇಳಿಬಿಟ್ಟರು. ಮೊಳೆ, ಗೋಡೆ, ಆಚೆಯ ಕೋಣೆ, ಅಳಿಸಿಹೋದ ಕಾಗದ, ಒಂದನ್ನೂ ಬಿಡದೆ ಹೇಳಿದರು. ಹೇಳುವಾಗ ಅವಳು ಬಯ್ಯಲಿ, ಕೈಗೆ ಸಿಕ್ಕ ಲೋಟ ತೆಗೆದು ಎಸೆಯಲಿ ಎಂದು ಮನಸ್ಸು ಬೇಡುತ್ತಿತ್ತು. ಅವಳು ಅಲುಗಾಡದೆ ಕೇಳಿದಳು. ಕೇಳಿ ಮುಗಿದ ಮೇಲೆ ಬೆರಳು ಮಡಚಿ ಏನನ್ನೋ ಎಣಿಸಿದಳು. ಮೊದಲು ಅವರಿಗೆ ಅರ್ಥವಾಗಲಿಲ್ಲ.

"ಹಾಗಾದ್ರೆ," ಎಂದಳು, "ಪುಟ್ಟಿ ಹೊಟ್ಟೇಲಿದ್ದಾಗ ಎಷ್ಟಿತ್ತು?"

ನಾಲ್ಕು ದಿನದಲ್ಲಿ ಒಮ್ಮೆಯೂ ಮೇಷ್ಟ್ರಿಗೆ ಇದು ಹೊಳೆದಿರಲಿಲ್ಲ. ಬಸುರಿಯ ಬ್ಯಾಡ್ಜನ್ನು ತಿಂಗಳಿಗೊಮ್ಮೆ ಓದಬೇಕು. ಆಗ ಐದು ತಿಂಗಳು, ಒಂದೊಂದು ತಿಂಗಳೂ, ಅವರೇ ಓದಿ, ಸೊನ್ನೆ ಎಂದು ಹೇಳಲು ಮೆಟ್ಟಿಲು ಹಾರಿಕೊಂಡು ಪ್ಯಾಕಿಂಗ್ ವಿಭಾಗದವರೆಗೆ ಓಡಿಹೋಗಿದ್ದರು.

"ಹೇಳು ಅಣ್ಣ. ನೀನೇ ತಾನೆ ಓದಿದ್ದು."

"ಗೊತ್ತಿಲ್ಲಮ್ಮ."

"ಸ್ವಲ್ಪನಾ, ಜಾಸ್ತಿನಾ?"

"ಗೊತ್ತಿಲ್ಲ. ಇನ್ಯಾರಿಗೂ ಗೊತ್ತಾಗಲ್ಲ."

ಸ್ವಲ್ಪವೇ ಇದ್ದೀತು, ಮಗುವಿಗೆ ಏನೂ ಆಗಿರಲಿಕ್ಕಿಲ್ಲ ಎಂದು ಹೇಳಬಹುದಿತ್ತು. ಬಹುಶಃ ಅದು ನಿಜವೂ ಆಗಿತ್ತು. ಆದರೆ ಆ ಮಾತನ್ನು ಹೇಳುವ ಬಾಯಿ ಅವರಿಗೆ ಉಳಿದಿರಲಿಲ್ಲ.

ತಂಗಿ ಹೊರಗಿನ ಬೆಂಚಿನ ಕಡೆ ನೋಡಿದಳು. ಆಮೇಲೆ "ಅವಳನ್ನ ಒಳಗೆ ಕರಿ" ಎಂದಳು.

ಹುಡುಗಿ ಬಣ್ಣದ ಕೈಯಲ್ಲೇ ಓಡಿಬಂದಳು. ತಾಯಿ ಅವಳನ್ನು ಹತ್ತಿರ ಎಳೆದುಕೊಂಡು, ಅಂಗೈ ತಿರುಗಿಸಿ ಉಗುರುಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಕೂದಲು ಸರಿಸಿ ಕತ್ತು ತಡವಿದಳು. ತೋಳು ಮೇಲೆತ್ತಿಸಿ ಒಳಮಗ್ಗುಲು ನೋಡಿದಳು. ಬಾಯಿ ತೆರೆಸಿ ವಸಡು ನೋಡಿದಳು. ಕಚಗುಳಿಯಾಗಿ ಹುಡುಗಿ ಮೊದಲು ನಕ್ಕಳು. ತಾಯಿ ನಗದಿರುವುದನ್ನು ಕಂಡು ನಿಲ್ಲಿಸಿದಳು.

"ಏನಮ್ಮಾ? ಯಾಕೆ ನೋಡ್ತಿದೀಯ? ನಂಗೇನಾಗಿದೆ?"

ತಾಯಿ ಹುಡುಗಿಯ ಹೆಗಲ ಮೇಲಿಂದ ಅಣ್ಣನ ಕಡೆ ನೋಡಿದಳು. ಹುಡುಗಿಯೂ ತಿರುಗಿ ಮಾವನನ್ನು ನೋಡಿದಳು. ತಂಗಿ ಮಗಳ ಗಲ್ಲ ಹಿಡಿದು ಮುಖವನ್ನು ದೀಪದ ಕಡೆ ತಿರುಗಿಸಿ, ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲನೆ ಎಳೆದು, ಒಳಗೆ ಕೆಂಪಿದೆಯೇ ಎಂದು ನೋಡತೊಡಗಿದಳು.