ತಾಮ್ರದ ತಗಡು

ಎಳ್ಳಮಾಸಿ ಹಬ್ಬ ಕಳೆದಿದ್ದರೂ ಚಳಿ ಬಿಟ್ಟಿರಲಿಲ್ಲ. ಕಮಲಾಪುರದ ಆಚೆ, ತಗ್ಗಿನ ತೋಟದಲ್ಲಿ ಬೆಳಗಿನಿಂದ ಕೆಂಪು ಬಾಳೆಯ ಗೊನೆಗಳು ಇಳಿಯುತ್ತಿದ್ದವು. ಕಡಿದ ಗೊನೆಯನ್ನು ಹೆಗಲಿಗೇರಿಸಿಕೊಂಡು ಬದುವಿಗೆ ತಂದು, ಒಣ ಎಲೆಯ ಮೇಲೆ ನೋವಾಗದ ಹಾಗೆ ಮಲಗಿಸುವುದು ಸುನಂದಾಳ ಕೆಲಸ. ಇವತ್ತು ಮಾತ್ರ ಆಕೆ ಗೊನೆ ಇಳಿಸಿದಾಗಲೆಲ್ಲ ಕೈ ಒರೆಸಿಕೊಂಡು ಸೊಂಟದ ಫೋನು ತೆಗೆದು ನೋಡುತ್ತಿದ್ದಳು.

“ಮತ್ತ ಹೋತೇನ?” ತೋಟದ ಒಡತಿ ಸಕೀನಾ ಕೇಳಿದಳು.

“ಹೆಸರು ಬರ್ತದ, ಹೋಗ್ತದ. ಮೊದಲ ನಮ್ಮ ಮನ್ಯಾಗ ಕುಂತ್ರೂ ನಿಮ್ಮ ವೈಫೈ ಹಿಡೀತಿತ್ತು. ಈಗ ನಿಮ್ಮ ಗ್ವಾಡಿಗಿ ಹತ್ತಿ ನಿಂತ್ರೂ ಹಿಡೀವಲ್ದು.”

“ಬಂದ್ ಮಾಡಿ ಚಾಲೂ ಮಾಡಿದಿ?”

“ಎಷ್ಟ್ ಸಲ ಮಾಡ್ಲಿ? ನಾ ಇದನ್ನ ಬಂದ್ ಮಾಡೂದ್ರಾಗ ಇದು ನನ್ನೇ ಬಂದ್ ಮಾಡ್ತದ.”

ಸಕೀನಾಳಿಗೆ ನಗು ಬರಲಿಲ್ಲ. “ಗೊನಿ ಬಿಡು, ಕಲಬುರಗಿಗಿ ಹೋಗಿ ತೋರಿಸ್ಕೊಂಡು ಬಾ. ನಾವು ಶಾದಿಗಿ ಹೋದ್ರ ನಾಳಿಗೇ ಬರೂದು. ಮನಿಗಿ ಕೀಲಿ ಹಾಕಿದ್ರೂ ವೈಫೈ ಚಾಲೂ ಇಟ್ಟು ಹೋಗ್ತೀನಿ, ನಿನ್ನ ಗಂಡನ ಸಲುವಾಗಿ.”

ಗಂಡ ಸುನೀಲಕುಮಾರ ದುಬೈ ಕಡೆ ಲಾರಿ ನಡೆಸಲು ಹೋದವನು. ಹೋದ ವಾರ ಯಾರದೋ ಫೋನಿನಿಂದ ನೆಟ್ಟಿನ ಕರೆ ಮಾಡಿ ಅವಸರದಲ್ಲಿ ಮಾತಾಡಿದ್ದ. ಮಾಲೀಕ ಪಾಸ್‌ಪೋರ್ಟ್ ಕಸಿದಿಟ್ಟುಕೊಂಡಿದ್ದಾನೆ, ಫೋನೂ ಕಸಿದಿದ್ದಾನೆ, ತಾನು ಓಡಿಬಂದಿದ್ದೇನೆ. ಮನೆಯ ಟ್ರಂಕಿನಲ್ಲಿ ಪಾಸ್‌ಪೋರ್ಟಿನ ನಕಲು ಇದೆ. ಶುಕ್ರವಾರ ದೀಪ ಹಚ್ಚುವ ಹೊತ್ತಿಗೆ ಯಾರನ್ನಾದರೂ ಬೇಡಿ ಫೋನು ಹಚ್ಚುತ್ತೇನೆ, ಆ ನಂಬರಿಗೆ ನಕಲಿನ ಫೋಟೋ ಕಳಿಸಬೇಕು. ಅದನ್ನು ಭಾರತದ ಕಚೇರಿಯಲ್ಲಿ ತೋರಿಸಿದರೆ ಊರಿಗೆ ಕಳಿಸುವವರ ಪಟ್ಟಿಯಲ್ಲಿ ತನ್ನ ಹೆಸರೂ ಬೀಳುತ್ತದೆ. ಇಷ್ಟು ಹೇಳಿ ಇಟ್ಟಿದ್ದ.

ಮರುದಿನವೇ ಅತ್ತೆ ಅಂಬಮ್ಮ ತಾಯಿತ ಕಟ್ಟಿಕೊಡುವ ಗುಲಾಮ್ ರಸೂಲ್ ಸಾಹೇಬರ ಹತ್ತಿರ ಹೋಗಿ ಒಂದು ತಾಮ್ರದ ತಗಡು ಮಂತ್ರಿಸಿ ತಂದಿದ್ದಳು. ಅಂಗೈಯಗಲದ್ದು. ಲೋಬಾನದ ಹೊಗೆ ಹಿಡಿದು, ಫೋನಿನ ಬೆನ್ನಿಗೂ ಕವರಿಗೂ ನಡುವೆ ತಾನೇ ಇಟ್ಟಿದ್ದಳು. “ಇನ್ನ ಅವನ ದನಿ ಕೇಳೂತನಾ ಇದನ್ನ ತೆಗೀಬ್ಯಾಡ. ಮಂದಿ ಕೈಯಂತೂ ಹತ್ತಲೇಬಾರ್ದು. ದನಿ ಕೇಳಿದ ದಿನ ಸಕ್ಕರಿ ಹಂಚ್ತೀನಂತ ಬೇಡ್ಕೊಂಡೀನಿ.”

ಇವತ್ತೇ ಆ ಶುಕ್ರವಾರ.

ಕಲಬುರಗಿಯ ಸ್ಟೇಶನ್ ಬಜಾರದ ಫೋನು ರಿಪೇರಿ ಅಂಗಡಿಯ ಮೆಟ್ಟಿಲಲ್ಲಿ ಸುನಂದಾ ಗೋಡೆಗೆ ಮುಖ ಮಾಡಿ ಕವರು ಬಿಚ್ಚಿದಳು. ತಗಡಿನ ಸಮೇತ ಅದನ್ನು ಸೆರಗಿನಲ್ಲಿ ಗಂಟು ಹಾಕಿ, ಬರಿಯ ಫೋನನ್ನು ಅಂಗಡಿಯ ಅಕ್ರಮ್‌ನ ಕೈಗೆ ಕೊಟ್ಟಳು. ಅವನು ಒತ್ತಿದ ಕೂಡಲೇ ಪರದೆಯ ಮೇಲೆ ಲಾಡ್ಜು, ಹೋಟೆಲು, ಔಷಧಿ ಅಂಗಡಿ ಎಲ್ಲದರ ವೈಫೈ ಹೆಸರುಗಳು ಸಾಲಾಗಿ ಇಳಿದವು.

“ಇದಕ್ಕೇನಾಗೇದ ಅಕ್ಕಾ? ಇಡೀ ಬಜಾರ ಹಿಡೀಲಾಕತ್ತದ. ಫೋನಿಗಿ ಜಡ್ಡಿಲ್ಲ, ನಿಮ್ಮೂರಿಗಿ ಜಡ್ಡು.”

“ಇನ್ನೊಮ್ಮಿ ನೋಡ್ರಿ ಅಣ್ಣಾ. ಸಂಜಿಗಿ ಕೈ ಕೊಡಬಾರ್ದು.”

ಅಕ್ರಮ್ ಇನ್ನೊಮ್ಮೆ ನೋಡಿ, ಚಹಾ ಬಟ್ಟಲು ಸರಿಸಿ, ದುಡ್ಡು ಬೇಡವೆಂದು ತಲೆಯಾಡಿಸಿದ. ಬಸ್ಸಿನಲ್ಲಿ ಸೀಟು ಸಿಕ್ಕಿದ ಮೇಲೆ ಸುನಂದಾ ಕವರನ್ನು ಕಣ್ಣಿಗೊತ್ತಿಕೊಂಡು ಮತ್ತೆ ಫೋನಿಗೆ ತೊಡಿಸಿದಳು. ಬಹಳ ದಿನಗಳ ಮೇಲೆ ಆಕೆಗೆ ಕಣ್ಣು ಹತ್ತಿತು.

ಸಂಜೆ ಮನೆಯ ಹೊಸ್ತಿಲಲ್ಲಿ ಫೋನು ತೆಗೆದರೆ ಒಂದು ಹೆಸರೂ ಇಲ್ಲ. ಹಿತ್ತಲಿಗೆ ಹೋದಳು, ಇಲ್ಲ. ತಗ್ಗಿನಲ್ಲಿ ಟವರು ಸಿಗದೆ ಸಿಮ್ಮಿಗೆ ರೀಚಾರ್ಜು ಹಾಕಿಸುವುದನ್ನೇ ಬಿಟ್ಟಿದ್ದಳು. ಕೊನೆಯ ಬಸ್ಸು ಹೋಗಿಬಿಟ್ಟಿತ್ತು. ಮುಳ್ಳುಬೇಲಿ ದಾಟಿ ಸಕೀನಾಳ ಮನೆಯ ಕಿಟಕಿಗೆ ಬಂದು ಸರಳಿಗೆ ಹಣೆ ಹಚ್ಚಿದಳು. ಒಳಗೆ ಕತ್ತಲಲ್ಲಿ ವೈಫೈ ಪೆಟ್ಟಿಗೆಯ ಹಸಿರು ದೀಪ ಮಿಣಮಿಣ ಅನ್ನುತ್ತಿತ್ತು. ಕಣ್ಣಿಗೆ ಕಾಣುತ್ತದೆ, ಫೋನಿಗೆ ಕಾಣುವುದಿಲ್ಲ. ಸರಳಿನೊಳಗೆ ಕೈ ತೂರಿಸಿದಳು. ಹೆಸರು ಬಂತು, ಒತ್ತುವುದರೊಳಗೆ ಹೋಯಿತು.

“ಹಚ್ಚಿದನೇನವಾ?” ಮನೆಯಿಂದ ಅಂಬಮ್ಮ ಕೂಗಿದಳು.

“ಇನ್ನಾ ಇಲ್ರಿ ಅತ್ತಿ!”

ದೀಪ ಹಚ್ಚುವ ಹೊತ್ತು ದಾಟುತ್ತಿತ್ತು. ಅವನು ಎಲ್ಲಿಯೋ ನಿಂತು, ಯಾರದೋ ಫೋನು ಕಿವಿಗೆ ಹಿಡಿದು, ಆ ಕಡೆ ಯಾರೂ ಇಲ್ಲವೆಂದು ತಿಳಿಯುತ್ತಿರಬಹುದು. ಸುನಂದಾ ಕಿಟಕಿಯ ಕೆಳಗೆ ಕುಸಿದು ಕೂತು ಫೋನನ್ನು ಮಡಿಲಲ್ಲಿ ಹಾಕಿಕೊಂಡಳು. ಮಧ್ಯಾಹ್ನ ಅಕ್ರಮ್‌ನ ಗಾಜಿನ ಮೇಜಿನ ಮೇಲೆ ಇದೇ ಫೋನು ಬರಿಮೈಯಲ್ಲಿ ಬಿದ್ದುಕೊಂಡು ಊರನ್ನೆಲ್ಲ ಹಿಡಿದಿತ್ತು. ಬರಿಮೈಯಲ್ಲಿ.

ಉಗುರು ಕವರಿನ ಸಂದಿಗೆ ಹೋಯಿತು, ನಿಂತಿತು. ದನಿ ಕೇಳುವ ತನಕ ತೆಗೆಯಬಾರದು. ಮಂದಿ ಕೈ ಹತ್ತಬಾರದೆಂದು ಮಧ್ಯಾಹ್ನ ಒಮ್ಮೆ ತೆಗೆದದ್ದಾಯಿತು; ಈಗ ಮತ್ತೆ ತೆಗೆದು, ಅಲ್ಲಿ ಅವನಿಗೆ ಏನಾದರೂ ಆದರೆ? ಬೇಲಿಯಾಚೆ ಮನೆಯಲ್ಲಿ ಅತ್ತೆಯ ಶಿವನಾಮ ಏರುತ್ತಿತ್ತು. ಸುನಂದಾ ಕಣ್ಣು ಮುಚ್ಚಿ ಕವರನ್ನು ಕಿತ್ತಳು. ತಗಡು ಅಂಗೈಗೆ ಬಿತ್ತು, ಮೈಯ ಬಿಸಿಗೆ ಬೆಚ್ಚಗಿತ್ತು.

ಫೋನು ಒಮ್ಮೆ ನಡುಗಿತು. ತಪ್ಪಿದ ಕರೆಗಳು ಒಂದರ ಮೇಲೊಂದು ಬಂದು ಬಿದ್ದವು. ನೋಡುತ್ತಿದ್ದಂತೆಯೇ ಮತ್ತೆ ಗಂಟೆ ಹೊಡೆಯಿತು.

“ಎಲ್ಲಿ ಸತ್ತಿದ್ದಿ ಸುನಂದಾ? ಫೋನ್ ಕೊಟ್ಟವ ಹೊಂಟಾನ. ಕಳಸು, ಲಗೂ ಕಳಸು!”

“ಕಳಸ್ಲಾಕತ್ತೀನ್ರಿ, ಇಡಬ್ಯಾಡ್ರಿ…”

ಗಂಟೆಯ ಸದ್ದಿಗೆ ಓಡಿಬಂದ ಅಂಬಮ್ಮ ಬೇಲಿಯ ಮೇಲಿಂದಲೇ ಬಾಗಿ ಫೋನಿನತ್ತ ಕೂಗಿದಳು. “ಉಂಡಿಯೇನಪಾ?”

“ಹೂಂ ಅವ್ವಾ,” ಅಂದ. ಆಮೇಲೆ ಯಾರೋ ಗದರಿದ ಸದ್ದು, ಆಮೇಲೆ ಏನೂ ಇಲ್ಲ.

ಮೊದಲೇ ತೆಗೆದಿಟ್ಟಿದ್ದ ನಕಲಿನ ಫೋಟೋ ಆ ನಂಬರಿಗೆ ಹೋಯಿತು. ಅದರ ಕೆಳಗೆ ಒಂದು ಬೂದು ಟಿಕ್ಕು ಬಿತ್ತು, ಇನ್ನೊಂದು ಬಿತ್ತು. ಅವನು ನೋಡಿದ ಗುರುತಾಗಿ ನೀಲಿಯಾಗಲಿಲ್ಲ.

“ಕೇಳಿದಿಲ್ಲ? ತಗಡು ಸುಳ್ಳಾಗ್ಲಿಲ್ಲ ನೋಡು,” ಅಂಬಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. “ಅದು ಅಲ್ಲೇ ಇರ್ಲಿ ಯವ್ವಾ, ಅವ ಮನಿ ಮುಟ್ಟೂತನಾ.”

ಸುನಂದಾ ತಗಡು ಹಿಡಿದ ಕೈಯನ್ನು ಸೆರಗಿನೊಳಗೆ ಬಿಗಿ ಮಾಡಿದಳು. “ಹೂಂ ಅತ್ತಿ.”

ಮನೆಗೆ ಬಂದದ್ದೇ ಅಂಬಮ್ಮ ಸಕ್ಕರೆಯ ಡಬ್ಬಿ ಇಳಿಸಿದಳು. ಹಂಚಬೇಕೆಂದರೆ ನೆರೆಮನೆಗೆ ಕೀಲಿ. “ಮೊದಲ ನೀನೇ ತಗೊ.” ಸುನಂದಾ ಎಡಗೈ ಚಾಚಿದಳು.

“ಹರಕೀ ಸಕ್ಕರಿ ಎಡಗೈಲಿ ತಗೋತಾರೇನ, ಹುಚ್ಚೀ?”

“ತಡೀರಿ, ಬಂದೆ.”

ಒಳಗೆ ಗೂಟಕ್ಕೆ ಅವನ ಅಂಗಿ ತೂಗುತ್ತಿತ್ತು. ಅದರ ಕಿಸೆಯೊಳಗೆ ತಗಡನ್ನು ಇಳಿಸಿ, ಮೇಲಿಂದ ಒಮ್ಮೆ ಸವರಿದಳು. ಹೊರಗೆ ಬಂದು ಬಲಗೈ ಒಡ್ಡಿದಳು. ಬಾಳೆಯ ಕಲೆ ಹಿಡಿದ ಅಂಗೈಯಲ್ಲಿ ತಗಡಿನ ಅಂಚು ಕೆಂಪಗೆ ಮೂಡಿತ್ತು. ಅಂಬಮ್ಮ ಅದರ ಮೇಲೆ ಸಕ್ಕರೆ ಸುರಿದಳು. ಹೊಸ್ತಿಲ ಮೇಲೆ ಬರಿಮೈಯ ಫೋನು ಇನ್ನೂ ಬೆಳಗುತ್ತಿತ್ತು.