ಚನಮಲ್ಲಪ್ಪನ ಜೀಪಿನ ಬಿಳಿ ದೀಪ

ನಾನು ಒಂದು ಬಲ್ಬು. ಹಾಗೆಂದ ಕೂಡಲೇ ಗಾಜಿನ ಬುರುಡೆಯೊಳಗೆ ಕೆಂಪಗೆ ಕಾಯುವ ತಂತಿ ನಿಮ್ಮ ಕಣ್ಣ ಮುಂದೆ ಬಂದಿದ್ದರೆ ಅದನ್ನು ಮೊದಲು ಅಳಿಸಿಬಿಡಿ. ನನ್ನೊಳಗೆ ತಂತಿ ಇಲ್ಲ. ಕಡಲಾಚೆಯ ಕಾರ್ಖಾನೆಯೊಂದರಲ್ಲಿ ಕ್ವಾರ್ಟ್ಜ್ ಎಂಬ ಗಟ್ಟಿ ಗಾಜನ್ನು ಬೆಂಕಿಯಲ್ಲಿ ಮೆತ್ತಗೆ ಮಾಡಿ ಬಟಾಣಿ ಕಾಳಿನಷ್ಟು ಉಬ್ಬಿಸಿದರು. ಎರಡೂ ಕಡೆಯಿಂದ ಟಂಗ್‌ಸ್ಟನ್ ಮೊನೆಗಳನ್ನು ತೂರಿಸಿ, ನಡುವೆ ಜೋಳದ ಕಾಳಿನಷ್ಟು ಜಾಗ ಖಾಲಿ ಬಿಟ್ಟರು. ಜೆನಾನ್ ಅನಿಲ, ಚಿಟಿಕೆ ಲೋಹದ ಲವಣ, ಚೂರೇ ಚೂರು ಪಾದರಸ ತುಂಬಿ ಬಾಯಿ ಮುಚ್ಚಿದರು. ಅಷ್ಟೇ ನನ್ನ ಸಂಸಾರ.

ಆ ಖಾಲಿ ಜಾಗವೇ ನನ್ನ ಜೀವಾಳ. ಕಾರಿನ ಬ್ಯಾಟರಿಯ ಹನ್ನೆರಡು ವೋಲ್ಟಿಗೆ ಅದನ್ನು ದಾಟುವ ತಾಕತ್ತಿಲ್ಲ. ಅದಕ್ಕೇ ನನ್ನ ಬೆನ್ನಿಗೆ ಬ್ಯಾಲಾಸ್ಟ್ ಎಂಬ ಪುಟ್ಟ ಡಬ್ಬಿ ಇರುತ್ತದೆ. ಸ್ವಿಚ್ಚು ಒತ್ತಿದೊಡನೆ ಅದು ಇಪ್ಪತ್ತು ಸಾವಿರ ವೋಲ್ಟಿಗೂ ಮೇಲಿನ ಒಂದು ಏಟು ಕೊಡುತ್ತದೆ. ಕಿಡಿ ಈ ಮೊನೆಯಿಂದ ಆ ಮೊನೆಗೆ ಹಾರಿ ಜೆನಾನ್ ನೀಲಿಯಾಗಿ ಹೊತ್ತಿಕೊಳ್ಳುತ್ತದೆ. ಆಮೇಲೆ ಬ್ಯಾಲಾಸ್ಟ್ ಸುಧಾರಿಸಿಕೊಂಡು, ಬೇಕಾದಷ್ಟೇ ಕರೆಂಟನ್ನು ಅಳೆದು ಕೊಡುತ್ತದೆ. ಒಳಗಿನ ಪಾದರಸ, ಲವಣಗಳು ಕಾದು ಆವಿಯಾದ ಹಾಗೆ ನೀಲಿ ಹೋಗಿ ಹಾಲಿನಂಥ ಬಿಳುಪು ಬರುತ್ತದೆ. ಒತ್ತಿದ ತಕ್ಷಣ ಪೂರ್ತಿ ಬೆಳಕು ಬೇಕೆನ್ನುವ ಅವಸರದವರಿಗೆ ನಾನು ಹೇಳಿಮಾಡಿಸಿದವನಲ್ಲ. ಆದರೆ ಹದಕ್ಕೆ ಬಂದೆನೆಂದರೆ ತಂತಿ ಬಲ್ಬಿಗಿಂತ ಕಡಿಮೆ ಕರೆಂಟು ತಿಂದು ಅದರ ಎರಡು ಪಟ್ಟಿಗೂ ಹೆಚ್ಚು ಬೆಳಕು ಕೊಡುತ್ತೇನೆ. ಜಂಬ ಅನ್ನಿಸಿದರೆ ಅನ್ನಿಸಲಿ, ಇದ್ದದ್ದು ಹೇಳಿದೆ.

ನನ್ನ ಮೊದಲ ಮನೆ ಬೆಳಗಾವಿಯ ಗ್ರಾನೈಟ್ ವ್ಯಾಪಾರಿಯೊಬ್ಬರ ದೊಡ್ಡ ಕಾರು. ಬಲಗಡೆ ನಾನು, ಎಡಗಡೆ ನನ್ನ ಜೋಡಿ. ನಮ್ಮ ಮುಂದೆ ದಪ್ಪ ಮಸೂರ, ನಮಗೂ ಅದಕ್ಕೂ ನಡುವೆ ಒಂದು ತಗಡು. ಮೇಲಕ್ಕೆ ಹೋಗುವ ಬೆಳಕನ್ನು ಆ ತಗಡು ತಡೆಯುತ್ತಿತ್ತು. ಹೀಗಾಗಿ ರಸ್ತೆಯೆಲ್ಲ ಬೆಳಗಿದರೂ ಎದುರು ಬರುವವರ ಕಣ್ಣಿಗೆ ಬಡಿಯುತ್ತಿರಲಿಲ್ಲ. ಮರ್ಯಾದಸ್ಥ ಬದುಕು. ಒಂದು ವರ್ಷ ಹೊಳೆದಂಡೆಯ ಊರೊಂದಕ್ಕೆ ಹೋಗಿದ್ದಾಗ ಘಟಪ್ರಭೆ ಉಕ್ಕಿ, ನಿಂತಲ್ಲೇ ಕಾರಿನ ಇಂಜಿನ್ನಿಗೆ ನೀರು ನುಗ್ಗಿತು. ಕಾರು ಗುಜರಿಗೆ ಹೋಯಿತು. ನಮ್ಮಿಬ್ಬರನ್ನೂ ಡಬ್ಬಿಗಳ ಸಮೇತ ಬಿಚ್ಚಿಸಿಕೊಂಡು ಹೋದವನು ಮಹಾಲಿಂಗಪುರದ ಗ್ಯಾರೇಜಿನ ದಸ್ತಗೀರ.

ಅಲ್ಲಿಗೆ ಒಂದು ಮಧ್ಯಾಹ್ನ ಚನಮಲ್ಲಪ್ಪ ಬಂದ. ಬನಹಟ್ಟಿಯ ನೂಲಿನ ಕಾರ್ಖಾನೆಯ ಹೆಣ್ಣುಮಕ್ಕಳನ್ನು ಸಂಜೆ ಅವರವರ ಹಳ್ಳಿಗೆ ಮುಟ್ಟಿಸುವ ಹಳೆಯ ಜೀಪು ಅವನದು.

“ದಸ್ತಗೀರ, ಹೆಡ್‌ಲೈಟ್ ಬಾಳ ಮಬ್ಬಾಗ್ಯಾವ. ಖಡಕ್ ಬೆಳಕ ಬರೂವಂಥಾವು ಹಾಕು.”

“ಮೊನ್ನೆ ಹೊಸಾವು ಹಾಕೀನಲ್ರೀ ಮಲ್ಲಪ್ಪಣ್ಣ. ಮಬ್ಬು ಹ್ಯಾಂಗ ಆಗ್ತಾವು?”

“ಆಗ್ಯಾವ ಅಂದ್ರ ಆಗ್ಯಾವ. ಅಲ್ಲೆ ಬಿಳೇವು ಇಟ್ಟಿ ನೋಡು, ಅವನ್ನ ಹಾಕು.”

ದಸ್ತಗೀರ ತಲೆ ಕೆರೆದುಕೊಂಡ. “ನಿಮ್ಮ ಗಾಡಿ ಲೈಟಿನ ಬಟ್ಟಲ ತಂತಿ ಬಲ್ಬಿಗೆ ಮಾಡಿದ್ರೀ. ಅದರಾಗ ಇವು ಕುಂತ್ರ ಎದುರಿನವ್ರ ಕಣ್ಣಿಗೇ ಹೊಡೀತಾವ. ಡಿಮ್ ಸುದ್ದಾ ಆಗೂದಿಲ್ಲ.”

“ಎದುರಿನವ್ರ ಕಣ್ಣ ಎದುರಿನವ್ರು ನೋಡ್ಕೋತಾರ. ನೀ ಹಾಕು.”

ಗಿರಾಕಿ ಕೈತಪ್ಪುವುದು ದಸ್ತಗೀರನಿಗೂ ಬೇಡವಾಗಿತ್ತು. ಬೇರೆ ಬುಡ ಕೂರಿಸಿ ನಮ್ಮನ್ನು ಆ ಬಟ್ಟಲುಗಳಿಗೆ ತುರುಕಿದ. ಮಸೂರವಿಲ್ಲ, ತಗಡಿಲ್ಲ, ನನ್ನ ಬೆಳಕು ಮರದ ತುದಿಗೆ, ಮನೆಯ ಮಾಳಿಗೆಗೆ, ಮಂದಿಯ ಮುಖಕ್ಕೆ ಚೆಲ್ಲಾಪಿಲ್ಲಿಯಾಗಿ ಹೋಗುತ್ತಿತ್ತು. ಎದುರಿನ ಗಾಡಿಯವರು ಹಾರ್ನು ಬಾರಿಸಿ ಬೈದರು. ನನಗೆ ನಾಚಿಕೆಯಾಯಿತು, ಆದರೆ ಬೆಳಕಿಗೆ ತನ್ನಷ್ಟಕ್ಕೆ ತಾನೇ ತಲೆತಗ್ಗಿಸಲು ಬರುವುದಿಲ್ಲ.

ಚನಮಲ್ಲಪ್ಪ ಕೆಟ್ಟವನಲ್ಲ. ಮುಸ್ಸಂಜೆ ಸ್ವಿಚ್ಚು ಒತ್ತಿದ ಕೂಡಲೇ, ಮನೆಯಲ್ಲಿ ದೀಪ ಹಚ್ಚಿದವರಂತೆ ನಮಗೂ ಕೈಮುಗಿಯುತ್ತಿದ್ದ. ಆದರೆ ನಾನು ಎತ್ತಿ ತೋರಿಸಿದ ಗುಂಡಿಗೇ ನೇರವಾಗಿ ಗಾಲಿ ಇಳಿಸುತ್ತಿದ್ದ. ಕೆಲವೇ ದಿನಗಳಲ್ಲಿ “ಇವೂ ಮಬ್ಬು” ಎಂದು ಗೊಣಗತೊಡಗಿದ. ಮಬ್ಬಾದದ್ದು ಅವನ ಕಣ್ಣು. ಅದು ಅವನಿಗೂ ಒಳಗೊಳಗೇ ಗೊತ್ತಿತ್ತು. ಬಾಯಿಬಿಟ್ಟರೆ ಕಾರ್ಖಾನೆಯವರು ಮರುದಿನವೇ ಬೇರೆ ಡ್ರೈವರನ್ನು ಕರೆಸುತ್ತಾರೆ, ಹರೆಯದಿಂದ ಸ್ಟೇರಿಂಗ್ ಹಿಡಿದವನು ಕಟ್ಟೆ ಮೇಲೆ ಕೂತು ನೊಣ ಹೊಡೆಯಬೇಕು. ಆ ಭಯಕ್ಕೆ ಹಿಂದೆ ಕೂತ ಹೆಂಗಸರ ಜೀವವನ್ನು ದಿನಾ ಪಣಕ್ಕಿಡುತ್ತಿದ್ದ. ನನಗೆ ಅವನ ಮೇಲೆ ಸಿಟ್ಟೂ ಬರುತ್ತಿತ್ತು, ಕನಿಕರವೂ ಬರುತ್ತಿತ್ತು.

ಖಂಡೇನವಮಿ ಬಂತು. ಗಾಡಿಗೆ ಬಾಳೆಕಂದು ಕಟ್ಟಿ ಹಾರ ಹಾಕಿದ್ದು ಸಾಲದೆ, ಅವನು ನಮ್ಮಿಬ್ಬರನ್ನೂ ಬಿಚ್ಚಿ ತಟ್ಟೆಯಲ್ಲಿಟ್ಟ. ಆಗಷ್ಟೇ ದೀಪಕ್ಕೆ ಎಣ್ಣೆ ಹಾಕಿದ ಕೈ. ಅದೇ ಬೆರಳಿನಿಂದ ನನ್ನ ಬುಡಕ್ಕೆ ವಿಭೂತಿ ಎಳೆದ. ನನ್ನ ಜೋಡಿಗೆ ಗಾಜಿನ ಹೊಟ್ಟೆಯ ಮೇಲೇ ವಿಭೂತಿ, ನಡುವೆ ಕುಂಕುಮ. ನಮ್ಮ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಎಣ್ಣೆಯ ಪಸೆ ಅಂಟಿದ ಕಡೆ ಗಾಜು ಹೆಚ್ಚು ಕಾದು, ಬೆಳ್ಳಗೆ ಮಬ್ಬು ಕಟ್ಟಿ ಬಿರುಕು ಬಿಡುತ್ತದೆ. ಭಕ್ತಿಯಿಂದ ಮುಟ್ಟಿದರೂ ಅಷ್ಟೇ.

ಕಬ್ಬಿನ ಹಂಗಾಮು ಶುರುವಾದ ಮೇಲೆ ಒಂದು ಮುಸ್ಸಂಜೆ ನನ್ನ ಜೋಡಿ ಟಪ್ಪೆಂದು ಒಡೆಯಿತು. ಮುಂದಿನ ಸೀಟಿನಲ್ಲಿ ನೂಲು ಸುತ್ತುವ ಕೆಲಸದ ಸಾವಕ್ಕ ಕೂತಿದ್ದಳು.

“ಕಾಕಾ, ಒಂದ ಲೈಟ್ ಹತ್ತವಲ್ದು.”

“ಎರಡೂ ಹತ್ತ್ಯಾವ, ಸುಮ್ಮ ಕುಂದ್ರು.”

ಸಾವಕ್ಕ ಅವನ ಮುಖವನ್ನೇ ನೋಡಿದಳು. ಅರ್ಧ ದೀಪ ಹೋದದ್ದು ಅವನಿಗೆ ತಿಳಿದೇ ಇರಲಿಲ್ಲ.

ತಿರುವು ದಾಟಿದರೆ ರಸ್ತೆಯಲ್ಲೇ ಕಬ್ಬಿನ ಟ್ರೇಲರ್ ಕೆಟ್ಟು ನಿಂತಿತ್ತು. ಹಿಂದೆ ಕೆಂಪು ದೀಪವಿಲ್ಲ. ನಾನು ಇದ್ದ ಬೆಳಕನ್ನೆಲ್ಲ ಅದರ ಮೇಲೆ ಹಾಕಿದೆ, ಕಡಿದ ಕಬ್ಬಿನ ತುದಿಗಳೆಲ್ಲ ಬೆಳ್ಳಗೆ ಹೊಳೆದವು. ಜೀಪಿನ ವೇಗ ತಗ್ಗಲಿಲ್ಲ. ನಾನು ತೋರಿಸಬಲ್ಲೆ, ಬ್ರೇಕು ಒತ್ತಲಾರೆ. ಅಷ್ಟು ಹೆದರಿಕೆ ನನಗೆ ಎಂದೂ ಆಗಿರಲಿಲ್ಲ.

“ಕಾಕಾ, ಟ್ರೇಲರ್! ಬ್ರೇಕ್ ಹಾಕ್ರಿ!”

ಜೀಪು ಜಾರುತ್ತ ಹೋಗಿ ನಿಂತಿತು. ಒಂದು ಕಬ್ಬಿನ ತುದಿ ನನ್ನ ಜೋಡಿಯ ಕಡೆಯ ಗಾಜನ್ನು ಒಡೆದು ಒಳಗೆ ನುಗ್ಗಿತ್ತು. ಯಾರಿಗೂ ಏನೂ ಆಗಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಇಳಿದರು. ಚನಮಲ್ಲಪ್ಪ ನನ್ನ ಪಕ್ಕದಲ್ಲೇ ಬಾನೆಟ್ ಹಿಡಿದು ನಿಂತ.

“ಖರೇ ಹೇಳ್ರಿ ಕಾಕಾ. ನಿಮಗ ಕಾಣಲಿಲ್ಲ, ಹೌದಲ್ಲೋ?” ಸಾವಕ್ಕ ಕೇಳಿದಳು.

“ಕಾಣಲಿಲ್ಲ ತಂಗಿ. ಬಾಳ ದಿನ ಆತು, ಸಂಜೀಕ ಏನೂ ಕಾಣವಲ್ದು.” ಕಿಸೆಗೆ ಹಾಕಲು ಹೋದ ಕೀಲಿಯನ್ನು ಅವಳ ಕೈಗಿಟ್ಟ. “ಇದನ್ನ ನೀ ಇಟ್ಕೋ. ನಾ ಕೇಳಿದ್ರೂ ಕೊಡಬ್ಯಾಡ.”

ಅವರೆಲ್ಲ ಬಸ್ಸು ಹಿಡಿದು ಹೋದರು. ಅವನು ಕೀಲಿ ಕೇಳಲೂ ಇಲ್ಲ, ಅವಳು ಕೊಡಲೂ ಇಲ್ಲ. ಕಣ್ಣಿನ ದವಾಖಾನೆಯಲ್ಲಿ ಎರಡೂ ಕಣ್ಣಿನ ಪೊರೆ ತೆಗೆದರಂತೆ. ಅಲ್ಲಿಯವರೆಗೆ ಜೀಪು, ಅದನ್ನು ರಸ್ತೆಯಿಂದ ಎಳೆಸಿಕೊಂಡು ಹೋದ ದಸ್ತಗೀರನ ಗ್ಯಾರೇಜಿನಲ್ಲಿತ್ತು, ಅದರೊಳಗೆ ನಾನಿದ್ದೆ.

ಕಣ್ಣು ವಾಸಿಯಾಗಿ ಚನಮಲ್ಲಪ್ಪ ಬಂದಾಗ ಹೊತ್ತು ಮುಳುಗುತ್ತಿತ್ತು. “ಒಮ್ಮೆ ಹಚ್ಚು, ನೋಡೂಣು,” ಎಂದು ಜೀಪಿನ ಎದುರಿಗೇ ನಿಂತ. ದಸ್ತಗೀರ ಸ್ವಿಚ್ಚು ಒತ್ತಿದ. ನೀಲಿ ಹೋಗಿ ಬಿಳುಪು ಬರುತ್ತಿದ್ದಂತೆ ಚನಮಲ್ಲಪ್ಪ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಪಕ್ಕಕ್ಕೆ ತಿರುಗಿದ.

“ಇದನ್ನ ಮಂದಿ ಕಣ್ಣಾಗ ಬಿಟಗೋತ ತಿರಗೀನೇನು ನಾ?”

“ಹೌದ್ರೀ ಅಣ್ಣ. ನಾನೂ ಹಾಕಿಕೊಟ್ಟೆ.”

ಚನಮಲ್ಲಪ್ಪ ಅಲ್ಲೇ ಹಳೆಯ ಟಾಯರಿನ ಮೇಲೆ ಕೂತ. ಕಣ್ಣೊರೆಸಿಕೊಳ್ಳಲು ಹೋಗಿ, ಡಾಕ್ಟರು ಉಜ್ಜಬೇಡ ಎಂದದ್ದು ನೆನಪಾಗಿ ಕೈ ಕೆಳಗಿಳಿಸಿದ. “ತಗದ ಬಿಡು,” ಎಂದ.

ಈಗ ನಾನು ದಸ್ತಗೀರನ ಮೇಜಿನ ಡ್ರಾದಲ್ಲಿದ್ದೇನೆ. ಒಳಗಿನ ಲವಣ ಸವೆದಿದೆ. ಹಚ್ಚಿದರೆ ಬಿಳುಪಿನಲ್ಲಿ ನಸುಗೆಂಪು ಬೆರೆಯುತ್ತದೆ. ನಮ್ಮ ಜಾತಿಗೆ ಮುಪ್ಪು ಬರುವುದು ಹಾಗೆ. ದಸ್ತಗೀರ ನನ್ನನ್ನು ಮಾರುವುದಿಲ್ಲ ಎಂದಿದ್ದಾನೆ, ನನಗೂ ಅದೇ ಸಮಾಧಾನ.

ಮೊನ್ನೆ ಸಾವಕ್ಕ ಏನೋ ಕೆಲಸಕ್ಕೆ ಬಂದವಳು ದಸ್ತಗೀರನಿಗೆ ಹೇಳಿ ನಗುತ್ತಿದ್ದಳು. ಜೀಪಿಗೆ ಮತ್ತೆ ಹಳದಿ ತಂತಿ ಬಲ್ಬು ಬಂದಿದೆ. ಎದುರಿಗೆ ಲಾರಿ ಬಂದರೆ ಸರಿ; ಸೈಕಲ್ ಬಂದರೂ, ಎಮ್ಮೆ ಹೊಡೆದುಕೊಂಡು ಯಾರಾದರೂ ನಡೆದು ಬಂದರೂ ಚನಮಲ್ಲಪ್ಪ ಲೈಟು ಡಿಮ್ ಮಾಡುತ್ತಾನಂತೆ. “ಕಾಕಾ, ಅವ್ರಿಗೆ ಲೈಟೇ ಇಲ್ಲ, ಡಿಮ್ ಯಾಕ ಮಾಡ್ತೀರಿ?” ಎಂದು ಇವಳು ಕೇಳಿದ್ದಕ್ಕೆ ಅವನು ರಸ್ತೆಯಿಂದ ನೋಟ ಕೀಳದೆ ಹೇಳಿದನಂತೆ:

“ಕಣ್ಣ ಅದಾವಲ್ಲ ತಂಗಿ.”